ಜಲಜಮ್ಮನ ಟೊಪ್ಪಿ

"ಟೊಪ್ಪಿ ತೆಗೀಬೇಡಿ. ಫೋಟೊ ಇದ್ದ ಹಾಗೇ ಇರ್ಲಿ," ಎಂದು ಸುಚಿತ್ರಾ ಅಪ್ಪ ಗೋಪಾಲಪ್ಪನ ಕೈಯಿಂದ ಫೋನ್ ಕಸಿದುಕೊಂಡು ಹೊಸನಗರದ ಸ್ಟುಡಿಯೊ ರಾಜುವಿಗೆ ಹೇಳಿದಳು.

ಜಗಲಿಯಲ್ಲಿ ಕೂತಿದ್ದ ನೆಂಟರು ಅವಳತ್ತ ತಿರುಗಿದರು. ಒಳಗೆ ಚಾಪೆಯ ಮೇಲೆ ಜಲಜಮ್ಮನನ್ನು ಮಲಗಿಸಿದ್ದರು. ಆಕೆ ಗೋಪಾಲಪ್ಪನ ತಂಗಿ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದು, ಅವನ ಮಕ್ಕಳನ್ನು ಎತ್ತಿ ಆಡಿಸಿ ಬೆಳೆಸಿದವಳು. ನಿನ್ನೆ ಸಂಜೆ ಹಾಲು ಕರೆದು ಬಂದು ಎದೆ ನೋವೆಂದು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಮಾಲೆ ಹಾಕಿ ಇಡಲು ಫೋಟೊ ಬೇಕಿತ್ತು. ಹುಡುಕಿದರೆ ಸಿಕ್ಕಿದ್ದು ಒಂದೇ, ಸಮುದ್ರದ ಬದಿಯಲ್ಲಿ ತೆಗೆದದ್ದು. ಅದರಲ್ಲಿ ಆಕೆ ಕೆಂಪು ರಿಬ್ಬನ್ನಿನ ಅಗಲವಾದ ಹುಲ್ಲಿನ ಟೊಪ್ಪಿ ಇಟ್ಟುಕೊಂಡು ಹಲ್ಲು ಬಿಟ್ಟು ನಗುತ್ತಿದ್ದಳು. ಟೊಪ್ಪಿ ಅಳಿಸಿ, ತಲೆಗೆ ಸೆರಗು ಹೊದಿಸಿ, ಬಾಯಿ ಮುಚ್ಚಿಸಿ ಕೊಡುತ್ತೇನೆಂದು ರಾಜು ಒಪ್ಪಿದ್ದ.

"ಸತ್ತ ಮನೇಲಿ ಇದೆಂಥ ಫೋಟೊ? ಬಂದೋರು ನಗ್ತಾರೆ," ಎಂದ ಗೋಪಾಲಪ್ಪ.

"ನಗ್ಲಿ ಅಪ್ಪಯ್ಯ. ಅತ್ತೆನೂ ನಗ್ತಾನೇ ಇದಾಳಲ್ಲ."

*

ನಾಲ್ಕು ವರ್ಷದ ಹಿಂದೆ ಮನೆಯವರೆಲ್ಲ ಮುರುಡೇಶ್ವರಕ್ಕೆ ಹೊರಟಿದ್ದರು. ಯಾರು ಎಲ್ಲಿಗೆ ಹೋದರೂ ಮನೆ ಕಾಯಲು ಜಲಜಮ್ಮ ಉಳಿಯುವುದು ರೂಢಿ. ಉಳೀತೀಯಾ ಎಂದು ಯಾರೂ ಕೇಳುತ್ತಲೂ ಇರಲಿಲ್ಲ. ಅವತ್ತು ಮಾತ್ರ ಆಕೆ ಮಿಂದು, ನೀಲಿ ಸೀರೆ ಉಟ್ಟು, ಎಲ್ಲರಿಗಿಂತ ಮೊದಲು ವ್ಯಾನು ಹತ್ತಿ ಡ್ರೈವರ್ ಪಕ್ಕದಲ್ಲಿ ಕೂತುಬಿಟ್ಟಳು. ಮನೆ ನೋಡಿಕೊಳ್ಳುವವರು ಯಾರು ಎಂದು ಗೋಪಾಲಪ್ಪ ಕೇಳಿದ.

"ಮನೆ ಎಲ್ಲಿಗೂ ಓಡಿ ಹೋಗಲ್ಲ ಅಣ್ಣ," ಎಂದಳು. ಇಳಿಯಲಿಲ್ಲ.

ನಾಗೋಡಿ ಘಾಟಿಯ ತಿರುವುಗಳಲ್ಲಿ ವಾಂತಿಯಾಯಿತು. ಅದಕ್ಕೇ ಬರಬೇಡ ಅಂದಿದ್ದು ಎಂದು ಅಣ್ಣ ಗೊಣಗಿದ. ಆಕೆ ಬಾಯಿ ಮುಕ್ಕಳಿಸಿ ಮತ್ತೆ ಮುಂದಿನ ಸೀಟಿಗೇ ಹೋದಳು.

ದೇವರ ದರ್ಶನ ಮುಗಿಸಿ ಎಲ್ಲರೂ ಕಡಲ ಬದಿಯ ಅಂಗಡಿಸಾಲಿಗೆ ನುಗ್ಗಿದರು. ಶಂಖ, ಕಪ್ಪೆಚಿಪ್ಪಿನ ತೋರಣ, ಹೆಸರು ಕೊರೆದುಕೊಡುವ ಕೀಚೈನು. ಚೀಲಗಳ ಹತ್ತಿರ ಕೂತಿರು ಎಂದು ಜಲಜಮ್ಮನಿಗೆ ಹೇಳಿ ಹೋಗಿದ್ದರು. ತಿರುಗಿ ಬಂದರೆ ಚೀಲಗಳು ಮಾತ್ರ ಇದ್ದವು. ಹುಡುಕಿಕೊಂಡು ಹೋದಾಗ ಆಕೆ ಟೊಪ್ಪಿ ಅಂಗಡಿಯ ಕನ್ನಡಿಯ ಮುಂದೆ ನಿಂತು, ಆ ಕಡೆ ಈ ಕಡೆ ತಲೆ ವಾಲಿಸಿ ತನ್ನನ್ನೇ ನೋಡಿಕೊಳ್ಳುತ್ತಿದ್ದಳು.

"ತೆಗಿ ಜಲಜ. ಜನ ನೋಡ್ತಾರೆ," ಎಂದ ಗೋಪಾಲಪ್ಪ.

"ನೋಡ್ಲಿ ಅಂತಾನೇ ಇಟ್ಕಂಡಿದ್ದು."

ಸುಚಿತ್ರಾ ಫೋಟೊ ತೆಗೆದದ್ದು ಆಗಲೇ. ಹಿಂದೆ ನಿಂತಿದ್ದ ಗೋಪಾಲಪ್ಪನ ಹೆಂಡತಿ ದುಗ್ಗಮ್ಮ ತಾನೂ ಒಂದು ಟೊಪ್ಪಿಗೆ ಕೈ ಚಾಚಿದವಳು, ಗಂಡನ ಮುಖ ಕಂಡು ಕೈ ಹಿಂದಕ್ಕೆಳೆದುಕೊಂಡಳು.

ಆಮೇಲೆ ಜಲಜಮ್ಮ ಗದ್ದೆಗೂ ಹಾಲಿನ ಡೈರಿಗೂ ಸಂಘದ ಮೀಟಿಂಗಿಗೂ ಆ ಟೊಪ್ಪಿಯಲ್ಲೇ ಹೋದಳು. ದೊರೆಸಾನಿ ಬಂದ್ರು ಎಂದು ಊರ ಮಕ್ಕಳು ಕೂಗಿದರೆ, ಏನ್ರೋ ಪ್ರಜೆಗಳಾ ಎನ್ನುತ್ತಿದ್ದಳು. ಹೋದ ಮಳೆಗಾಲದಲ್ಲಿ ಟೊಪ್ಪಿಯನ್ನು ಇಲಿ ಕಡಿದು ಹಾಕಿತು. ಇನ್ನೊಂದು ತರಲು ಹೋಗಬೇಕು ಎನ್ನುತ್ತಲೇ ಇದ್ದಳು.

*

ಮಧ್ಯಾಹ್ನದ ಹೊತ್ತಿಗೆ ಫೋಟೊ ಬಂತು. ಟೊಪ್ಪಿ ಇತ್ತು, ಹಲ್ಲೂ ಇತ್ತು. ಗೋಪಾಲಪ್ಪ ಅದರತ್ತ ನೋಡದೆ ಹೊರಗೆ ಹೋದ.

ಬೆಂಕಿಯ ಮಡಕೆ ಹಿಡಿದು ಸುಚಿತ್ರಾಳ ಅಣ್ಣ ನಿರಂಜನ ಮುಂದೆ ನಡೆದ. ಅಂಗಳದ ಕೊನೆಯಲ್ಲಿ ದಾರಿಗೆ ಅಡ್ಡ ಸಿಕ್ಕಿಸಿದ್ದ ದಣಪೆಯ ಬಿದಿರ ಗಳುಗಳನ್ನು ಸರಿಸಿ ಗಂಡಸರು ಚಟ್ಟವನ್ನು ರಸ್ತೆಗೆ ದಾಟಿಸಿದರು. ಹೆಂಗಸರು ಬರುವುದು ಅಲ್ಲಿಯತನಕ ಮಾತ್ರ. ಅಲ್ಲಿಂದ ತಿರುಗಿ ಮನೆ ತೊಳೆಯಬೇಕು. ಸುಚಿತ್ರಾ ತಿರುಗಲಿಲ್ಲ, ಚಟ್ಟದ ಹಿಂದೆಯೇ ರಸ್ತೆಗೆ ಇಳಿದಳು. ಉಳಿದ ಹೆಂಗಸರು ದಾಟದ ಹಾಗೆ ಗೋಪಾಲಪ್ಪ ಬಡಬಡನೆ ಕೆಳಗಿನ ಗಳುವನ್ನು ಮತ್ತೆ ಸಿಕ್ಕಿಸಿ ಎರಡನೆಯದನ್ನು ಎತ್ತಿಕೊಂಡ.

ದುಗ್ಗಮ್ಮ ಬಂದು ಅವನೆದುರು ನಿಂತಳು.

"ನೀನೆಲ್ಲಿಗೆ?"

"ಇಷ್ಟು ವರ್ಷ ಒಂದೇ ಒಲೆ ಮುಂದೆ ಕೂತಿದೀವಿ. ಅವಳನ್ನ ಒಬ್ಳನ್ನೇ ಕಳ್ಸಲ್ಲ."

ದುಗ್ಗಮ್ಮ ಅವನ ಭುಜವನ್ನೇ ಆಸರೆಗೆ ಹಿಡಿದು, ನೋವಿನ ಮಂಡಿಯನ್ನು ಮೆಲ್ಲನೆ ಎತ್ತಿ ಗಳು ದಾಟಿದಳು. ಅವಳ ಹಿಂದೆ ಪಕ್ಕದ ಮನೆಯ ಬೆಳ್ಳಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ಅವಳ ಹಿಂದೆ ಇನ್ನಿಬ್ಬರು. ಗಳುವನ್ನು ಎದೆಗೆ ಆನಿಸಿಕೊಂಡು ಗೋಪಾಲಪ್ಪ ಬದಿಗೆ ಸರಿದು ನಿಂತಿದ್ದ. ಹೆಂಗಸರು ಒಬ್ಬೊಬ್ಬರಾಗಿ ದಾಟುತ್ತಿದ್ದರು.