ಸರ್ವಮಂಗಳಮ್ಮನವರ ಅಳತೆ ಟೇಪು

ಸರ್ವಮಂಗಳಮ್ಮನವರು ಸುಳ್ಳು ಹೇಳುವ ಸಂಗತಿ ಅವರ ಬಾಯಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಪಿರಿಯಾಪಟ್ಟಣದ ಪೇಟೆಬೀದಿಯಲ್ಲಿರುವ ತಮ್ಮ ಜವಳಿ ಅಂಗಡಿಯಲ್ಲಿ, ಕೊರಳಿಂದ ಇಳಿಬಿಟ್ಟ ಹಳದಿ ಅಳತೆ ಟೇಪಿನ ತುದಿಯನ್ನು ಅವರು ತೋರುಬೆರಳಿಗೆ ಸುತ್ತತೊಡಗಿದರೆಂದರೆ, ಎದುರಿಗೆ ನಿಂತ ಹೆಂಗಸಿಗೆ ಆ ಗಿಳಿಹಸಿರು ಸೀರೆ ಎಳ್ಳಷ್ಟೂ ಹೊಂದುವುದಿಲ್ಲವೆಂದೂ, ಆದರೂ ಮುಂದಿನ ಮಾತು "ನಿಮ್ಗೇ ಅಂತ್ಲೇ ನೇಯ್ದಂಗದೆ ಕಣ್ರೀ" ಎಂದೇ ಬರುವುದೆಂದೂ ತಿಳಿಯಬೇಕು. ನಾನು ಷರಟಿನ ಬಟ್ಟೆ ಆರಿಸುವಾಗ ಬೆರಳೇ ಕಾಣದಷ್ಟು ಟೇಪು ಸುತ್ತಿದ್ದರು. ಹಠಕ್ಕೆ ಬಿದ್ದು ಆ ಬಟ್ಟೆಯನ್ನೇ ಕೊಂಡೆ, ಈಗಲೂ ತೊಡುತ್ತೇನೆ.

ಗಲ್ಲಾಪೆಟ್ಟಿಗೆಗೂ ಬೀರುವಿಗೂ ನಡುವಿನ ಇಕ್ಕಟ್ಟಿನಲ್ಲಿ ಅರ್ಧ ಆಯುಷ್ಯ ಓಡಾಡಿದವರಾದ್ದರಿಂದ, ಎತ್ತಿನಗಾಡಿ ಎರಡು ಸರಾಗವಾಗಿ ಹೋಗುವ ಬೀದಿಯಲ್ಲೂ ಅವರು ಒಂದು ಭುಜ ಮುಂದೆ ಮಾಡಿ ಓರೆಯಾಗಿಯೇ ನಡೆಯುತ್ತಾರೆ. ಹಾಗೆ ಓರೆಯಾಗಿಯೇ ಒಂದು ಮಧ್ಯಾಹ್ನ ನಮ್ಮ ಮನೆಯ ಬಾಗಿಲು ದಾಟಿ ಬಂದು, ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿ ಹೇಳಿ ನಿವೃತ್ತನಾಗಿ ಮಾತಿಗೆ ಜನ ಸಿಗದೆ ಸಿಡುಕುತ್ತಿದ್ದ ನನ್ನನ್ನು ಕೇಳಿದರು: ಸಿನಿಮಾ ನೋಡಿ, ಪುಸ್ತಕ ಓದಿ, ಇಂಗ್ಲಿಷಿನಲ್ಲಿ ವಿಮರ್ಶೆ ಬರೆಯುವುದನ್ನು ಕಲಿಸಿಕೊಡುತ್ತೀರಾ?

"ಕನ್ನಡದಲ್ಲೇ ಬರೀಬಹುದಲ್ಲಮ್ಮ" ಎಂದೆ.

"ಕನ್ನಡದಲ್ಲಿ ಎಲ್ಲಾ ನಮ್ಮೋರೇ ಮೇಷ್ಟ್ರೇ. ಬರೆದೋರು ಅಣ್ಣ, ಅಚ್ಚು ಹಾಕ್ಸಿದೋರು ಬೀಗ್ರು, ಹಾರ ಹಾಕಿದೋರು ಗಿರಾಕಿ. ಯಾರ್ನ ಬೇಡ ಅನ್ಲಿ? ಬೆಳಗಿಂದ ಸಂಜೆಗಂಟ ಒಪ್ತದೆ ಒಪ್ತದೆ ಅಂತೀನಿ. ಒಂದು ಕಡೆನಾದ್ರೂ ಒಪ್ಪಾಕಿಲ್ಲ ಅನ್ಬೇಕು."

ಇಂಥ ವಿದ್ಯಾರ್ಥಿನಿ ನನ್ನ ಇಡೀ ವೃತ್ತಿಜೀವನದಲ್ಲಿ ಸಿಕ್ಕಿರಲಿಲ್ಲವೆಂದು ಸಂಕೋಚವಿಲ್ಲದೆ ಹೇಳುತ್ತೇನೆ. ನನ್ನ ಬಿ.ಎ. ಹುಡುಗರೋ, ಗೈಡಿನಲ್ಲಿದ್ದ ಒಂದೇ ವಿಮರ್ಶೆಯನ್ನು ಉರುಹೊಡೆದು, ಯಾವ ಸಿನಿಮಾ ಕೊಟ್ಟರೂ ಅದಕ್ಕೇ ತೊಡಿಸಿ ಪಾಸಾಗುತ್ತಿದ್ದ ಭೂಪರು. ಈಕೆಯೂ ಮೊದಮೊದಲು ಅದೇ ಹಾದಿ ಹಿಡಿದರು. ಕಣ್ಣಿಗೆ ಹಬ್ಬ, ಮನಕಲಕುವ ಅಭಿನಯ, ಎಲ್ಲರೂ ಓದಲೇಬೇಕಾದ ಕೃತಿ ಎಂಬರ್ಥದ ಇಂಗ್ಲಿಷ್ ಮಾತುಗಳನ್ನು ಪತ್ರಿಕೆಗಳಿಂದ ಹೆಕ್ಕಿ ಪೋಣಿಸಿ ತಂದು, ನಾನು ಓದಿ ಮುಗಿಸುವ ಮುಂಚೆಯೇ ಹಾಳೆಯನ್ನು ಕಿತ್ತುಕೊಂಡು ಮಡಚಿದರು. "ಇದೂ ಸೀರೆ ಮಾರೋ ಮಾತೇ ಅಲ್ವಾ? ಇಂಗ್ಲಿಷ್ನೋರೂ ನಮ್ಮಂಗೇ ಅಂಗಡಿ ಇಟ್ಟವ್ರೆ ಬುಡಿ."

ಆಮೇಲೆ ಹುಣಸೂರಿಗೆ ಹೋಗಿ ಹೊಸದೊಂದು ಸಿನಿಮಾ ನೋಡಿ ಬಂದು ಅವರು ಬರೆದದ್ದು ಬೇರೆಯೇ ಬಗೆಯದು. ಮೂರು ಹೊತ್ತು ಊಟಕ್ಕಿಲ್ಲದ ಮನೆಯ ತಾಯಿ ಉಟ್ಟ ಸೀರೆಯಲ್ಲಿ ಅಂಗಡಿಯ ಮಡಿಕೆಯ ಗೀರು ಇನ್ನೂ ಹೋಗಿಲ್ಲ, ಹೀಗಿರುವಾಗ ಆಕೆಯ ಕಣ್ಣೀರನ್ನು ನಾನು ಹೇಗೆ ನಂಬಲಿ, ಎಂದು ಆರಂಭ. ವಾಕ್ಯಗಳು ಕುಂಟುತ್ತಿದ್ದವು, ಕ್ರಿಯಾಪದಗಳು ದಾರಿ ತಪ್ಪಿದ್ದವು. ಆದರೆ ಆ ಬರಹದೊಳಗೆ ಸಿನಿಮಾ ನೋಡಿದ ಒಂದು ಜೀವವಿತ್ತು. ನನಗೆ ನಿಜಕ್ಕೂ ಸಂತೋಷವಾಯಿತು. ತಿದ್ದಿ ಕಳಿಸಿದೆವು. ಮೈಸೂರಿನ ಇಂಗ್ಲಿಷ್ ಪತ್ರಿಕೆಯೊಂದರ ವಾರದ ಪುಟದಲ್ಲಿ ಬಂತು, ಮತ್ತೂ ಬಂದವು. ಪೇಟೆಬೀದಿಯಲ್ಲಿ ಅವನ್ನು ಓದುವವರಿರಲಿಲ್ಲ. ಆಕೆಗೆ ಬೇಕಾಗಿದ್ದುದೂ ಅದೇ.

ಒಬ್ಬರು ಮಾತ್ರ ಓದುತ್ತಿದ್ದರು: ಕಂಪಲಾಪುರದ ಶಿವಶಂಕರಯ್ಯನವರು, ಆಕೆಯ ಗಂಡನ ಅಣ್ಣ, ನಿವೃತ್ತ ಹೆಡ್‌ಮಾಸ್ಟರು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ ಅಂಗಡಿಯನ್ನು ಮಾರಿಬಿಡೋಣವೆಂದ ನೆಂಟರನ್ನೆಲ್ಲ ಗದರಿ ಹೊರಗಟ್ಟಿ, ಬೀಗದ ಕೈಯನ್ನು ಈಕೆಯ ಕೈಗಿಟ್ಟವರು ಅವರು. ವಾರವಾರ ಗ್ರಂಥಾಲಯದಿಂದ ಪುಸ್ತಕ ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೋಗುತ್ತಿದ್ದವರೂ ಅವರೇ. ಅಂಥ ಭಾವನವರೆದುರು ಸರ್ವಮಂಗಳಮ್ಮ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕುರ್ಚಿಯ ಮೇಲೆ ಕೂತವರಲ್ಲ; ಬಾಗಿಲವಾಡಕ್ಕೆ ಒರಗಿ ನಿಂತೇ ಮಾತು.

ಈ ಶಿವಶಂಕರಯ್ಯನವರು ಹೋದ ವರ್ಷ ಆತ್ಮಕಥೆ ಬರೆದು ಅಚ್ಚುಹಾಕಿಸಿದರು. ಬಿಡುಗಡೆಯ ಸಭೆಯಲ್ಲಿ ಶಾಲು ಹೊದ್ದ ಮಹನೀಯರೆಲ್ಲ ಅದನ್ನು ಅದ್ವಿತೀಯವೆಂದರು. ಅವರೋ ಒಂದು ಪ್ರತಿಯನ್ನು ಸೊಸೆಗಿಂತ ಹೆಚ್ಚಾದ ಈ ತಮ್ಮನ ಹೆಂಡತಿಯ ಕೈಗಿಟ್ಟು, "ನಿನ್ನ ಇಂಗ್ಲಿಷ್ ಪೇಪರಿಗೆ ನೀನೇ ಬರೀಬೇಕು ಕಣಮ್ಮ" ಎಂದುಬಿಟ್ಟರು. ಆ ಸಂಜೆ ಅಂಗಡಿಗೆ ಹೋದಾಗ ನೋಡುತ್ತೇನೆ, ಗಿರಾಕಿಯೇ ಇಲ್ಲ, ಟೇಪು ಬೆರಳಿಗೆ ಬಿಗಿದು ಉಗುರು ನೀಲಿಗಟ್ಟಿದೆ.

"ಹೊಗಳಿ ನಾಲ್ಕು ಸಾಲು ಬರೆದುಬಿಡಿ, ಯಾರಿಗೇನು ನಷ್ಟ" ಎಂದು ಬುದ್ಧಿ ಹೇಳಿದೆ.

"ಹೊಗಳಿದ್ರೆ ಅವರೂ ಒಬ್ಬ ಗಿರಾಕಿ ಆದಂಗಾಯ್ತು. ಇದ್ದದ್ದ ಬರೆದ್ರೆ ಮನೆ ಬಾಗ್ಲು ಮುಚ್ತದೆ. ನಂಗಿರೋದು ಅದೊಂದೇ ತೌರು ಮೇಷ್ಟ್ರೇ."

ಬರೆದರು. ತಿದ್ದಿಸಿಕೊಂಡರು. ಆದರೆ ಪತ್ರಿಕೆಗೆ ಕಳಿಸುವ ಮುಂಚೆ, ಬೆನ್ನ ಹಿಂದೆ ಬರೆಯುವುದು ಬೇಡವೆಂದು ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು, ಜೊತೆಗಿರಲೆಂದು ನನ್ನನ್ನೂ ಎಳೆದುಕೊಂಡು ಕಂಪಲಾಪುರದ ಬಸ್ಸು ಹತ್ತಿದರು. ಟೇಪು ಅಂಗಡಿಯಲ್ಲೇ ಉಳಿದಿತ್ತು.

ನನಗೆ ಕುರ್ಚಿ, ಕಾಫಿ. ಆಕೆ ಎಂದಿನಂತೆ ಬಾಗಿಲವಾಡದಲ್ಲಿ.

"ಓದಮ್ಮ, ಇಂಗ್ಲಿಷಲ್ಲೇ ಓದು" ಎಂದರು ಭಾವನವರು, ಕನ್ನಡಕ ಒರೆಸುತ್ತ.

"ಇಲ್ಲ ಬಾವನೋರೆ. ಇದ ನಮ್ಮ ಮಾತಲ್ಲೇ ಹೇಳ್ಬೇಕು." ಹಾಳೆಯನ್ನು ಬಿಚ್ಚಲೂ ಇಲ್ಲ. "ನೀವು ಕೆರೆ ಏರಿ ಮೇಲೆ ಇಸ್ಕೂಲಿಗೆ ಹೋಗ್ತಿದ್ದ ಭಾಗ ಓದ್ವಾಗ ನನ್ನ ಕಾಲಿಗೇ ಕೆಸರು ಮೆತ್ಕೊಂಡಂಗಾಯ್ತು. ಸನ್ಮಾನದ ಸುದ್ದಿ ಶುರುವಾದ ಮೇಲೆ ಪುಸ್ತಕ ನಡೆಯಾಕಿಲ್ಲ, ಅಲ್ಲೇ ಕುಂತ್ಬುಡ್ತದೆ. ನಿಮ್ಮ ತಮ್ಮ ಹೋಗಿದ್ದು ಒಂದೇ ಸಾಲು. ದೈವಾಧೀನನಾದ, ಅಷ್ಟೇ. ಅವತ್ತು ಹೊಗೆಸೊಪ್ಪು ಒಣಗ್ಸೋ ಬ್ಯಾರನ್ ಮನೆ ಹಿಂದೆ ನಿಂತ್ಕೊಂಡು, ಯಾರ್ಗೂ ಕೇಳಬಾರ್ದು ಅಂತ ಟವಲ್ಲ ಬಾಯಿಗೆ ತುರುಕ್ಕೊಂಡು ಅತ್ರಲ್ಲ, ಆ ಮನ್ಸ ನಂಗೆ ಈ ಪುಸ್ತಕದಲ್ಲಿ ಎಲ್ಲೂ ಸಿಗ್ನಿಲ್ಲ ಬಾವನೋರೆ. ನಾನು ಅವರ್ನೇ ಹುಡುಕ್ತಾ ಇದ್ದೆ."

ಅವರ ಕೈಗಳು ಸೆರಗನ್ನೂ ಹಿಡಿಯದೆ ಸುಮ್ಮನೆ ಇಳಿಬಿದ್ದಿದ್ದವು. ಶಿವಶಂಕರಯ್ಯನವರು ಕನ್ನಡಕವನ್ನು ಮಡಚಿ ಪಕ್ಕಕ್ಕಿಟ್ಟರು. ನನ್ನ ಕಾಫಿಯ ಮೇಲೆ ಕೆನೆ ಕಟ್ಟಿತು.

"ನೀನು ನೋಡಿದ್ಯಾ?"

"ನೋಡಿದ್ದೆ."

ಎದ್ದು ಒಳಗೆ ಹೋದರು. ಕೆಲಸ ಕೆಟ್ಟಿತೆಂದು ನಾನು ಚಪ್ಪಲಿಯ ಕಡೆ ನೋಡಿದೆ. ಅವರು ಹೊರಬಂದಾಗ ಒಂದು ಕೈಯಲ್ಲಿ ಪುಸ್ತಕವಿತ್ತು, ಇನ್ನೊಂದರಲ್ಲಿ ಮರದ ಕುರ್ಚಿ. ಅದನ್ನು ಬಾಗಿಲ ಬಳಿ ಇಟ್ಟು, "ನಿನ್ನ ಹಾಳೆನ ಪೇಪರಿಗೆ ಇದ್ದಂಗೇ ಕಳಿಸು. ಈಗ ಕೂತ್ಕೊ ಮಂಗಳ" ಎಂದರು. "ಅವತ್ತಿಂದು ನಂಗೆ ಸರಿಯಾಗಿ ನೆನಪಿಲ್ಲ ಕಣಮ್ಮ. ಏನೇನು ನೋಡ್ದೆ ಹೇಳು, ಬರ್ಕೊತೀನಿ."

ಸರ್ವಮಂಗಳಮ್ಮ ಕುರ್ಚಿಯ ಅಂಚಿನಲ್ಲಿ, ಅಲ್ಲೂ ಓರೆಯಾಗಿಯೇ, ಕೂತರು.

ಹೊಗಳುವವರಿಗೆ ನಮ್ಮ ತಾಲ್ಲೂಕುಗಳಲ್ಲಿ ಎಂದೂ ಬರವಿಲ್ಲ; ಹೊಗಳಿಕೆಗೆ ಮುನ್ನುಡಿ ಓದಿದರೆ ಸಾಕು, ಕೆಲವೊಮ್ಮೆ ಮುಖಪುಟವೇ ಸಾಕು. ಸಾಲದೆಂದು ಹೇಳಬೇಕಾದವರು ಮಾತ್ರ ಕೊನೆಯ ಹಾಳೆಯ ತನಕ ನಮ್ಮ ಜೊತೆ ನಡೆಯಬೇಕು, ನಾವೇ ಬಿಟ್ಟುಬಂದ ನಮ್ಮನ್ನು ಅವರು ಮರೆಯದೆ ಇರಿಸಿಕೊಂಡಿರಬೇಕು. ಅಂಥವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ, ಬಾಗಿಲವಾಡಕ್ಕೆ ಒರಗಿ ನಿಂತು, ಯಾರಾದರೂ ಕುರ್ಚಿ ತಂದು ಹಾಕುವವರೆಗೆ.