ಶನಿವಾರದ ಅರ್ಥಧಾರಿ

ದೇವದಾಸರು ಪದ್ಯ ಹಾಡಿ ಮುಗಿಸಿದರು. ಹಾರ್ಮೋನಿಯಂ ಕೂಡ ನಿಂತಿತು. ಇನ್ನು ಅರ್ಥ ಹೇಳಬೇಕಾದವನು ಯಶ್ವಂತ್. ಅವನು ಹೆಗಲ ಮೇಲಿನ ಶಾಲು ಎಳೆದುಕೊಂಡ, ಗಂಟಲು ಸರಿಮಾಡಿಕೊಂಡ, ಆದರೆ ಬಾಯಿ ಬಿಡಲಿಲ್ಲ. ಹೆಂಗಸರು ಕೂತ ಕಡೆಗೇ ನೋಡುತ್ತಿದ್ದ. ಅಲ್ಲಿ ಅವನ ಹೆಂಡತಿ ಹರಿಣಾಕ್ಷಿ ಇರಲಿಲ್ಲ.

ಮುಂಬಯಿ ಹತ್ತಿರದ ಡೊಂಬಿವಲಿಯ ಆ ಹಳೆಯ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಾಲ್ಕನೆಯ ಮಾಳಿಗೆಯಲ್ಲಿ, ಮಾಲಾ ಅವರ ಮನೆಯಲ್ಲಿ, ಆ ಸಂಜೆ ಶನಿಪೂಜೆ. ಊರು ಬಿಟ್ಟು ಬಂದ ಕನ್ನಡದವರು ಶನಿವಾರಕ್ಕೊಂದು ಮನೆಯಲ್ಲಿ ಸೇರಿ ಶನಿಮಹಾತ್ಮೆಯ ಗ್ರಂಥ ಓದಿಸುತ್ತಾರೆ. ಒಬ್ಬರು ಪದ್ಯ ಹಾಡಿದರೆ ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳಬೇಕು. ಅರ್ಥ ಹೇಳುವುದೆಂದರೆ ಯಶ್ವಂತನೇ ಎಂದು ಯಾವತ್ತೋ ಆಗಿಹೋಗಿತ್ತು. ಉಲ್ಹಾಸನಗರದ ಹೋಟೆಲಿನಲ್ಲಿ ವಾರವಿಡೀ ಗಲ್ಲಾದ ಮುಂದೆ ಕೂತು ಗಿರಾಕಿಗಳಿಂದ ಬೈಸಿಕೊಳ್ಳುವ ಈ ಮನುಷ್ಯ, ಇಲ್ಲಿ ಶಾಲು ಹೊದ್ದು ಕೂತರೆ ರಾಜನ ಗತ್ತಿನಲ್ಲೇ ಮಾತಾಡುತ್ತಿದ್ದ. ಜನ ತಲೆದೂಗುತ್ತಿದ್ದರು. ತಲೆದೂಗಿಸಿಕೊಳ್ಳುವ ಚಟ ಹತ್ತಿದರೆ ಬಿಡುವುದು ಸುಲಭವಲ್ಲ, ಪಾಪ. ಹೋಟೆಲಿನ ಧನಿ ಹೃಷೀಕೇಶ ರಾಯರೂ ದೇವರ ಕೆಲಸವೆಂದು ಶನಿವಾರ ಸಂಜೆ ತಾವೇ ಗಲ್ಲಾದಲ್ಲಿ ಕೂತು ಅವನನ್ನು ಕಳುಹಿಸುತ್ತಿದ್ದರು.

ಹೀಗಿರುವಾಗ ಬೇಲಾಪುರದ ಕೆಲಸ ಬಂತು. ಅಲ್ಲಿನ ಕಂಪನಿಯೊಂದರ ಕ್ಯಾಂಟೀನಿಗೆ ಸೂಪರ್‌ವೈಸರ್ ಬೇಕಾಗಿತ್ತು. ಸಂಬಳ ಹೆಚ್ಚೇನಲ್ಲ, ಆದರೆ ಇಡೀ ಕುಟುಂಬದ ಆಸ್ಪತ್ರೆ ಖರ್ಚಿಗೆ ಮೆಡಿಕ್ಲೇಮ್ ವಿಮೆ ಇತ್ತು. ಹರಿಣಾಕ್ಷಿಯ ಹೃದಯದ ಕವಾಟವೊಂದು ಕೆಟ್ಟಿದೆ, ಆಪರೇಷನ್ ಮುಂದೂಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದು ಮಳೆಗಾಲಕ್ಕೂ ಮೊದಲು. ಹೋಟೆಲಿನಲ್ಲಿ ಅಂಥ ಸವಲತ್ತೇನೂ ಇರಲಿಲ್ಲ. ಬೇಲಾಪುರದಲ್ಲಿ ವಾರದ ರಜೆ ಮಾತ್ರ ಮಂಗಳವಾರ. ಶನಿವಾರ ರಾತ್ರಿಯವರೆಗೂ ಡ್ಯೂಟಿ.

"ಪಪ್ಪಾ, ಇಸ್ ಮೇ ಸೋಚ್ನಾ ಕ್ಯಾ ಹೈ?" ಎಂದಿದ್ದಳು ಮಗಳು ನಿಶಾ. ಯೋಚಿಸುವುದಕ್ಕೆ ಏನೂ ಇಲ್ಲವೆಂದು ಅವನಿಗೂ ಗೊತ್ತಿತ್ತು. ಆದರೂ ದೂರವಾಗುತ್ತದೆ, ಠಾಣೆಯಲ್ಲಿ ಲೋಕಲ್ ರೈಲು ಬದಲಾಯಿಸಬೇಕು, ಧನಿಗೆ ಯಾವ ಮುಖದಲ್ಲಿ ಹೇಳುವುದು ಎಂದು ಒಂದೊಂದೇ ನೆಪ ತೆಗೆಯುತ್ತಿದ್ದ. ಶನಿವಾರದ ಮಾತನ್ನು ಮಾತ್ರ ಎತ್ತಲಿಲ್ಲ. ಅದನ್ನು ಎತ್ತಿದವಳು ಹರಿಣಾಕ್ಷಿಯೇ.

"ಅರ್ಥ ಹೇಳುದು ಬಿಟ್ರೆ ನೀವು ಮೋರೆ ಊದಿಸಿಕೊಂಡು ಕೂರ್ತೀರಿ. ಅದನ್ನು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ನನಗೆ ಈಗ ಎಂತ ಆಗಿದೆ? ಗುಳಿಗೆ ಉಂಟಲ್ಲ."

ಆ ಮಾತು ಅವನಿಗೆ ಬೇಕಾಗಿತ್ತು. ಅವಳು ಸುಳ್ಳು ಹೇಳುತ್ತಿದ್ದಾಳೆಂದು ಗೊತ್ತಿದ್ದೂ ನಂಬುವಷ್ಟು ಬೇಕಾಗಿತ್ತು. ಸೋಮವಾರ ಬೇಲಾಪುರದವರಿಗೆ ಆಗುವುದಿಲ್ಲವೆಂದು ಹೇಳಿಬಿಡುವುದೆಂದು ನಿಶ್ಚಯಿಸಿಯೇ ಈ ಸಂಜೆ ಹೊರಟಿದ್ದ. ಕೆಳಗೆ ಗೇಟಿನ ಹತ್ತಿರ ಅವಳು, "ನೀವು ಹೋಗಿ, ಪೂಜೆಗೆ ತಡ ಆಗ್ತದೆ. ನಾನು ಮೆಲ್ಲ ಬರ್ತೇನೆ" ಎಂದಿದ್ದಳು. ಅವನು ತಿರುಗಿ ನೋಡದೆ ಹತ್ತಿ ಬಂದಿದ್ದ. ಅದಾಗಿ ಒಂದು ಅಧ್ಯಾಯವೇ ಮುಗಿದಿತ್ತು. ಅವಳು ಒಳಗೆ ಪ್ರಸಾದ ಕಟ್ಟುತ್ತಿರಬೇಕು ಎಂದುಕೊಂಡಿದ್ದ. ಈಗ ನೋಡಿದರೆ ಒಳಗಿನ ಹೆಂಗಸರೆಲ್ಲ ಹೊರಗೆ ಬಂದು ಕೂತಿದ್ದರು.

ಅವನು ಪದ್ಯ ಕೇಳಿಸಿಕೊಂಡಿಲ್ಲವೆಂದುಕೊಂಡು ದೇವದಾಸರು ಅದನ್ನೇ ಇನ್ನೊಮ್ಮೆ ಹಾಡಿದರು. ಯಶ್ವಂತ್ ಎದ್ದು ನಿಂತ. ಕೊನೆಯ ಮಂಗಳ ಹಾಡುವವರೆಗೆ ಗ್ರಂಥದ ಮುಂದಿನಿಂದ ಏಳಬಾರದು. ಹಾಗೆ ಎದ್ದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಎಂತಾಯ್ತು ಯಶ್ವಂತಣ್ಣ?" ಮಾಲಾ ಗಾಬರಿಯಿಂದ ಕೇಳಿದರು. ಅವನು ಚಪ್ಪಲಿಯನ್ನೂ ಹುಡುಕದೆ ಮೆಟ್ಟಿಲಿಳಿದ.

ಎರಡನೆಯ ಮಾಳಿಗೆಯ ಮೆಟ್ಟಿಲಲ್ಲಿ ಹರಿಣಾಕ್ಷಿ ಗೋಡೆಗೆ ತಲೆ ಆನಿಸಿ ಕೂತಿದ್ದಳು. ಕಣ್ಣು ಮುಚ್ಚಿತ್ತು, ತುಟಿ ಬಿಳಚಿಕೊಂಡಿತ್ತು. ಹೆಸರು ಹಿಡಿದು ಕೂಗಿದ. ಅವಳು ಕಣ್ಣು ಬಿಟ್ಟಳು.

"ಎದ್ದು ಬಂದ್ರಾ? ಮಂಗಳ ಆಗ್ಲಿಲ್ಲ!"

"ಇಲ್ಲಿ ಎಂತ ಮಾಡ್ತಿ ನೀನು?"

"ಮೈಕ್ ಉಂಟಲ್ಲ, ಇಲ್ಲಿಗೇ ಕೇಳ್ತದೆ." ಅವಳು ಉಸಿರು ಎಳೆದುಕೊಂಡು ಮುಂದುವರಿಸಿದಳು. "ಹೋದ ವಾರ ಕಲ್ಯಾಣದ ಪೂಜೆಯಲ್ಲಿಯೂ ನಾನು ಕೆಳಗೇ ಕೂತು ಕೇಳಿದ್ದು. ಮೇಲೆ ಬಂದಿದ್ದೆ, ನಿಮಗಿಂತ ಮೊದಲು ಇಳಿದೆ ಅಂತ ಸುಳ್ಳು ಹೇಳಿದೆ."

ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಅವಳ ಕೆಳಗಿನ ಮೆಟ್ಟಿಲಲ್ಲಿ ಕೂತು ಅವಳ ಪಾದ ಮುಟ್ಟಿ ನೋಡಿದ. ಊದಿಕೊಂಡಿತ್ತು.

ಮೇಲೆ ಸ್ವಲ್ಪ ಹೊತ್ತು ಗುಜುಗುಜು ಕೇಳಿತು. ಆಮೇಲೆ ಮೈಕಿನಲ್ಲಿ ಯಾರೋ ಕೆಮ್ಮಿದರು. "ಅಂದ್ರ ಏನಪಾ ಅಂದ್ರ, ಈ ರಾಜಾ ಭಾಳ ಸೊಕ್ಕಿನಾಂವ ಇದ್ದ ನೋಡ್ರಿ…"

"ಹಾರ್ಮೋನಿಯಂ ಬಾರಿಸುವ ಮಹಾದೇವಪ್ಪನವರಲ್ವಾ?" ಹರಿಣಾಕ್ಷಿ ಕೇಳಿದಳು.

"ಹೌದು."

ಇಬ್ಬರೂ ಕೇಳಿದರು. ದೇವದಾಸರು ಮುಂದಿನ ಪದ್ಯ ಎತ್ತಿಕೊಂಡರು. ಅದಕ್ಕೂ ಮಹಾದೇವಪ್ಪನವರೇ ಅರ್ಥ ಹೇಳಿದರು.

"ಚಂದ ಹೇಳ್ತಾರೆ," ಎಂದ ಯಶ್ವಂತ್. ಹೆಗಲ ಮೇಲಿನ ಶಾಲು ತೆಗೆದು ಮಡಿಚಿದ. "ಸೋಮವಾರ ಬೇಲಾಪುರದವರಿಗೆ ಬರ್ತೇನೆ ಅಂತ ಹೇಳ್ತೇನೆ. ಅಲ್ಲಿ ಮಂಗಳವಾರ ರಜೆ. ಆಪರೇಷನ್ ಯಾವಾಗ ಅಂತ ಮಂಗಳವಾರವೇ ಡಾಕ್ಟ್ರ ಹತ್ರ ಹೋಗಿ ಕೇಳುವ."

ಹರಿಣಾಕ್ಷಿ ಅವನ ಮುಖವನ್ನೇ ನೋಡಿದಳು. ಮೇಲೆ ಹೋಗಿ ಎನ್ನಲಿಲ್ಲ. ಅವನ ಹೆಗಲು ಹಿಡಿದು ಎದ್ದಳು. ಒಂದೊಂದೇ ಮೆಟ್ಟಿಲು ಇಳಿದರು. ಮೇಲೆ ಮಹಾದೇವಪ್ಪನವರು ಏನೋ ಅಂದರು, ಮನೆ ತುಂಬ ಜನ ನಕ್ಕರು. ಹರಿಣಾಕ್ಷಿಗೂ ನಗು ಬಂತು. ನಕ್ಕದ್ದೇ ತಡ, ಏದುಸಿರು ಹತ್ತಿತು. ಅದು ಇಳಿಯುವವರೆಗೆ ಇಬ್ಬರೂ ಅಲ್ಲೇ ನಿಂತರು.