ಹಗೇವಿಗೆ ಇಳಿಸಿದ ದೀಪ

ಎರಡು ಸಾವಿರದ ಹದಿನಾರರ ಬೇಸಿಗೆ. ನೌಬಾದದ ನಮ್ಮ ಓಣಿಗೆ ನೀರಿನ ಟ್ಯಾಂಕರ್ ಬಂದ ದಿನವೇ ಹಬ್ಬ. ಔರಾದ ಕಡೆಯ ಜನ ಬರ ತಾಳದೆ ಗಂಟುಮೂಟೆ ಕಟ್ಟಿ ಹೈದರಾಬಾದ್ ಬಸ್ ಹತ್ತುತ್ತಿದ್ದರು. ಆ ವರ್ಷವೇ ನಮ್ಮತ್ತೆ ಸುಭದ್ರಾಬಾಯಿ ಅಂಗನವಾಡಿ ಕೆಲಸದಿಂದ ನಿವೃತ್ತರಾದರು. ಜೀವಮಾನವೆಲ್ಲ ಕೂಡಿಸಿದ ಎರಡು ಲಕ್ಷ ಅವರ ಕೈಯಲ್ಲಿತ್ತು. ಮೂರನೇ ಇಯತ್ತೆಯಲ್ಲಿದ್ದ ನನ್ನ ಮಗಳು ಮೀರಾ ಮುಂದೆ ನರ್ಸ್ ಆಗಲೆಂದು ಎತ್ತಿಟ್ಟ ಹಣ ಅದು.

ಅಷ್ಟರಲ್ಲಿ ಅತ್ತೆಯ ಫೋನಿಗೆ ಯಾವುದೋ ಕಂಪನಿಯ ಮೆಸೇಜು ಬಂತು: ನಮ್ಮ ಷೇರು ಕೊಂಡರೆ ಆರು ತಿಂಗಳಲ್ಲಿ ದುಪ್ಪಟ್ಟು! ಅತ್ತೆ ಚೆಕ್ ಬರೆಯಲು ಕುಳಿತೇಬಿಟ್ಟರು. ಭಾಲ್ಕಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಶಮೀಮ ಆಗಲೇ ಒಳಗೆ ಬಂದು ಆ ಮೆಸೇಜು ಓದಿದಳು.

"ಸುಭದ್ರಕ್ಕಾ, ನಿಮ್ಮೂರಾಗ ಹಗೇವಿನ ಬಾಯಿ ತೆಗದ ಕೂಡಲೇ ಇಳೀತಿದ್ರೇನ್ರಿ?"

ಅತ್ತೆಯ ಪೆನ್ನು ನಿಂತಿತು. "ಇಲ್ಲವ್ವಾ. ಎಪ್ಪತ್ತೆರಡರ ಬರದಾಗ ನಮ್ಮವ್ವ ಹಗೇವು ತೆಗಿಸಿದ್ಳು. ನೆಲದಾಗ ಜ್ವಾಳ ತುಂಬಿಟ್ಟ ಆಳುದ್ದ ಕುಣಿ. ಮೊದಲು ಹಗ್ಗಕ್ಕ ದೀಪ ಕಟ್ಟಿ ಇಳಿಸ್ತಿದ್ಳು. ದೀಪ ಆರಿದ್ರ ಯಾರನ್ನೂ ಇಳಿಸ್ತಿದ್ದಿಲ್ಲ. ಒಳಗಿನ ಹವಾ ಜೀವಾ ತಗೀತದ."

"ಹಸಿದಾಗೂ ಅವಸರ ಮಾಡಲಿಲ್ಲ, ಈಗ್ಯಾಕ್ರಿ? ಷೇರುಪೇಟಿ ಕಾಯೋ ಸರಕಾರಿ ಸಂಸ್ಥಾ ಸೆಬಿ. ಅದರ ಪಟ್ಟಿನ್ಯಾಗ ಇವರ ಹೆಸರು ನೋಡೋಣು." ಅವಳು ಫೋನಿನಲ್ಲಿ ಹುಡುಕಿದಳು. ಹೆಸರಿರಲಿಲ್ಲ. "ದೀಪ ಆರ್ತು ನೋಡ್ರಿ!"

ಅತ್ತೆ ಚೆಕ್ ಹರಿದು ಹಾಕಿದರು. "ಷೇರಿನ ಗೊಡವಿನೇ ಬ್ಯಾಡ. ಟ್ರಂಕಿನ್ಯಾಗ ಇಡ್ತೇನಿ."

"ಇಟ್ಟ ಜ್ವಾಳಕ್ಕ ಹುಳ ಬೀಳಂಗಿಲ್ಲೇನ್ರಿ? ತುಟ್ಟಿ ಏರ್ತದ, ಟ್ರಂಕಿನ ರೊಕ್ಕ ಹಂಗೇ ಕುಂದರ್ತದ. ನಿಮ್ಮವ್ವಗ ಒಂದೇ ಹಗೇವು ಇತ್ತೇನು?"

"ಮೂರು ಇದ್ವು. ಒಂದಕ್ಕ ನೀರು ಹೊಕ್ಕು ಜ್ವಾಳ ಕೊಳೀತು. ಉಳಿದೆರಡು ನಮ್ಮನ್ನ ಬದುಕಿಸಿದ್ವು." ಅತ್ತೆ ತಾವೇ ಮೂರು ಬೆರಳು ಎತ್ತಿದರು: "ರೊಕ್ಕಾನೂ ಮೂರು ಕಡೆ ಇಡೋಣು."

ಹಾಗೇ ಮಾಡಿದೆವು. ಆಪತ್ತಿಗೆಂದು ಸ್ವಲ್ಪ ಬ್ಯಾಂಕಿನಲ್ಲಿ, ಹೆಚ್ಚಿನದು ಬಡ್ಡಿ ಕೊಡುವ ಸರಕಾರಿ ಬಾಂಡಿನಲ್ಲಿ, ತಿಂಗಳಿಗೆ ಐನೂರು, ಬಹಳ ಜನರ ಹಣ ಕೂಡಿಸಿ ಹಲವು ಕಂಪನಿಗಳ ಷೇರು ಕೊಳ್ಳುವ ಮ್ಯೂಚುವಲ್ ಫಂಡಿನಲ್ಲಿ. "ಇದು ಏರ್ತದ, ಇಳೀತದ. ಹತ್ತು ವರ್ಷ ಬೇಕಾಗದ ರೊಕ್ಕ ಅಷ್ಟೇ ಹಾಕ್ರಿ," ಎಂದು ಶಮೀಮ ಎರಡೆರಡು ಸಲ ಹೇಳಿದಳು. ಕೊರೊನಾ ಕಾಲದಲ್ಲಿ ಫಂಡು ಕುಸಿದಾಗ ನಾನು ಗಾಬರಿಯಾದೆ. ಅತ್ತೆ ನಕ್ಕರು: "ಒಂದು ಹಗೇವು ಹಸಿ ಆಗ್ಯಾದ. ಇನ್ನೆರಡು ಅವ."

ಅತ್ತೆ ಈಗಿಲ್ಲ. ಬಹಳ ನೆನಪಾಗುತ್ತಾರೆ. ಷೇರೆಂದರೆ ಮಟಕಾ ಜೂಜು ಎನ್ನುತ್ತಿದ್ದ ನಮ್ಮ ಓಣಿಯಲ್ಲಿ ಈಗ ತರಕಾರಿ ಮಾರುವವರೂ ಫಂಡಿಗೆ ಹಾಕುತ್ತಾರೆ. ಮೊನ್ನೆ ಮೀರಾ, ಆ ಹಣದಿಂದಲೇ ಸೇರಿದ ನರ್ಸಿಂಗ್ ಕಾಲೇಜಿನ ಬಿಳಿ ಬಟ್ಟೆ ತೊಟ್ಟು ಅಜ್ಜಿಯ ಫೋಟೋಕ್ಕೆ ಕೈಮುಗಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಉಳಿತಾಯವೂ ದುಡಿಯಲಿ. ಎಲ್ಲವನ್ನೂ ಒಂದೇ ಕಡೆ ಸುರಿಯಬೇಡಿ. ದುಪ್ಪಟ್ಟು ಎಂದು ಯಾರು ಕರೆದರೂ, ಮೊದಲು ದೀಪ ಇಳಿಸಿ ನೋಡಿ.